ನೋಡಿದರೆ ನಾಚುವ ದೆವ್ವ: ಕಾಳಗದ ಆಟವೊಂದಕ್ಕೆ ಒಂದು ಪಾತ್ರದ ಪ್ರಸ್ತಾವ

1

ಒಂದು ಕೃತಿಯ ಪಾತ್ರವನ್ನು ಇನ್ನೊಂದು ಕೃತಿಯೊಳಗೆ ತಂದಾಗ ಅದರಲ್ಲಿ ಏನು ಉಳಿಯುತ್ತದೆ, ಏನು ಕಳೆಯುತ್ತದೆ ಎಂಬುದು ವಿಮರ್ಶೆಗೆ ಹಳೆಯ ಪ್ರಶ್ನೆ. ಪುರಾಣದ ಪಾತ್ರ ಕಾವ್ಯಕ್ಕೂ, ಕಾವ್ಯದ ಪಾತ್ರ ರಂಗಕ್ಕೂ, ರಂಗದ ಪಾತ್ರ ಚಲನಚಿತ್ರಕ್ಕೂ ದಾಟಿದ ಸಂದರ್ಭಗಳಲ್ಲಿ ನಾವು ಈ ಪ್ರಶ್ನೆಯನ್ನು ಕೇಳುತ್ತ ಬಂದಿದ್ದೇವೆ. ಹಲವು ವಿಡಿಯೋ ಆಟಗಳ ಪಾತ್ರಗಳು ತಮ್ಮ ತಮ್ಮ ಲೋಕಗಳಿಂದ ಹೊರಬಂದು ಒಂದೇ ಕಣದಲ್ಲಿ ಕೂಡಿ ಹೊಡೆದಾಡುವ ಆಟಗಳ ಬಗೆಗೆ ಮಾತ್ರ ಇದೇ ಪ್ರಶ್ನೆಯನ್ನು ಅಷ್ಟು ಗಂಭೀರವಾಗಿ ಕೇಳಿಲ್ಲ. ಇಂಥ ಆಟವನ್ನು ಅನುಕೂಲಕ್ಕಾಗಿ ಇಲ್ಲಿ ‘ಕೂಡುಕಣದ ಆಟ’ ಎಂದು ಕರೆಯುತ್ತೇವೆ.

ಕೂಡುಕಣದ ಆಟಗಳಲ್ಲಿ ಪ್ರಮುಖವಾದುದು ನಿಂಟೆಂಡೊ ಸಂಸ್ಥೆಯ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’. ಮಸಾಹಿರೊ ಸಕುರಾಯಿ ಅವರ ನಿರ್ದೇಶನದಲ್ಲಿ ಇದರ ಮೊದಲ ಆವೃತ್ತಿ 1999ರ ಜನವರಿಯಲ್ಲಿ 12 ಹೋರಾಟಗಾರರೊಡನೆ ಜಪಾನಿನಲ್ಲಿ ಬಿಡುಗಡೆಯಾಯಿತು. 2018ರ ಡಿಸೆಂಬರಿನಲ್ಲಿ ಬಂದ ‘ಅಲ್ಟಿಮೇಟ್’ ಆವೃತ್ತಿಗೆ ಪಾತ್ರಗಳು ಸೇರುತ್ತ ಹೋಗಿ, 2021ರ ಅಕ್ಟೋಬರಿನಲ್ಲಿ ಸೋರ ಎಂಬ ಪಾತ್ರ ಕೊನೆಯದಾಗಿ ಬಂದಾಗ ಹೋರಾಟಗಾರರ ಸಂಖ್ಯೆ 89ಕ್ಕೆ ಮುಟ್ಟಿತ್ತು. 2015ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸಂಸ್ಥೆಯೇ ಆಟಗಾರರಿಂದ ಹೊಸ ಪಾತ್ರಗಳ ಹೆಸರುಗಳನ್ನು ಕೇಳಿ ಮತ ಸಂಗ್ರಹಿಸಿತ್ತು. ಆ ಮತದಾನದಲ್ಲಿ ಮುಂದಿದ್ದವನು ಸೋರನೇ ಎಂದು ಸಕುರಾಯಿ ಅವರು ಅನಂತರ ತಿಳಿಸಿದರು. ಆದುದರಿಂದ ಪಾತ್ರವೊಂದನ್ನು ಪ್ರಸ್ತಾಪಿಸುವುದು ಬರಿಯ ಅಭಿಮಾನಿಗಳ ಕಾಲಹರಣವಲ್ಲ, ಆಟದ ರಚನೆಯೊಳಗೇ ಸ್ಥಾನ ಪಡೆದ ಒಂದು ಬಗೆಯ ಓದುಗ ಪ್ರತಿಕ್ರಿಯೆ ಎಂದು ಭಾವಿಸಲು ಅವಕಾಶವಿದೆ.

ಆದರೆ ಇಂಥ ಪ್ರಸ್ತಾವಗಳು ಬಹುಮಟ್ಟಿಗೆ ಹೊಡೆತಗಳ ಪಟ್ಟಿಗಳಾಗಿರುತ್ತವೆ. ಪಾತ್ರ ಎಷ್ಟು ಜನಪ್ರಿಯ, ಎಷ್ಟು ಬಲಶಾಲಿ, ಯಾವ ಯಾವ ಆಯುಧಗಳು ಅದಕ್ಕಿವೆ ಎಂಬಲ್ಲಿಗೆ ವಾದ ಮುಗಿಯುತ್ತದೆ. ಒಳ್ಳೆಯ ಪ್ರಸ್ತಾವವು ಮೊದಲು ವ್ಯಾಖ್ಯಾನವಾಗಿರಬೇಕೆಂಬುದು ನಮ್ಮ ಅಭಿಪ್ರಾಯ. ಪಾತ್ರದ ಜೀವಾಳ ಯಾವುದು, ಹೊಸ ಕಣದಲ್ಲಿ ಅದು ಬದುಕಬಲ್ಲುದೇ ಎಂಬ ಪ್ರಶ್ನೆಗಳಿಗೆ ಅದು ಉತ್ತರ ಕೊಡಬೇಕು. ಈ ಮಾತನ್ನು ಪರೀಕ್ಷಿಸಲು ಒಂದು ಕಷ್ಟದ ಉದಾಹರಣೆಯನ್ನೇ ಆಯ್ದುಕೊಂಡಿದ್ದೇವೆ. ಅದು ಮಾರಿಯೊ ಆಟಗಳ ‘ಬೂ’ ಎಂಬ ದೆವ್ವ. ಇಲ್ಲಿ ‘ಭೂತ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇವೆ. ಕರಾವಳಿಯಲ್ಲಿ ಭೂತವೆಂದರೆ ಆರಾಧನೆ ಪಡೆಯುವ ದೈವ. ನಮ್ಮ ಪಾತ್ರಕ್ಕೆ ಆ ಗೌರವವೂ ಇಲ್ಲ, ಆ ಗಾಂಭೀರ್ಯವೂ ಇಲ್ಲ.

2

ಬೂ ಮೊದಲು ಕಾಣಿಸಿಕೊಂಡದ್ದು 1988ರ ‘ಸೂಪರ್ ಮಾರಿಯೊ ಬ್ರದರ್ಸ್ 3’ರಲ್ಲಿ. ದುಂಡನೆಯ ಬಿಳಿಯ ಮೈ, ಚಿಕ್ಕ ಕೈಗಳು, ತೆರೆದ ಬಾಯಿ, ಚೂಪು ಹಲ್ಲು, ಇಷ್ಟೇ ಅದರ ರೂಪ. ಅದರ ವರ್ತನೆಗೆ ಒಂದೇ ಒಂದು ನಿಯಮವಿದೆ. ಮಾರಿಯೊ ಬೆನ್ನು ತಿರುಗಿಸಿದ್ದರೆ ಅದು ಬೆನ್ನಟ್ಟಿ ಬರುತ್ತದೆ. ಅವನು ಅದರ ಕಡೆಗೆ ಮುಖ ತಿರುಗಿಸಿದ ಕೂಡಲೇ ಕೈಗಳಿಂದ ಮುಖ ಮುಚ್ಚಿಕೊಂಡು ಇದ್ದಲ್ಲೇ ನಿಲ್ಲುತ್ತದೆ. ಅದರ ಜಪಾನೀ ಹೆಸರು ‘ತೆರೆಸಾ’. ನಾಚಿಕೊಳ್ಳು ಎಂಬ ಅರ್ಥದ ‘ತೆರೆರು’ ಎಂಬ ಕ್ರಿಯಾಪದದ ನೆರಳು ಆ ಹೆಸರಿನಲ್ಲಿದೆ. ಹೀಗೆ ಹೆಸರು, ರೂಪ, ನಡೆ ಈ ಮೂರೂ ಒಂದೇ ಅರ್ಥವನ್ನು ಹೇಳುತ್ತವೆ.

ಮಾರಿಯೊ ಆಟಗಳ ಇತರ ಶತ್ರುಗಳನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಹೆಚ್ಚಿನವು ಮಾರಿಯೊ ಎತ್ತ ನೋಡುತ್ತಿದ್ದಾನೆಂಬುದನ್ನು ಲೆಕ್ಕಿಸುವುದಿಲ್ಲ; ಅವು ತಮ್ಮ ದಾರಿಯಲ್ಲಿ ನಡೆಯುತ್ತವೆ, ಹಾರುತ್ತವೆ, ಎಸೆಯುತ್ತವೆ. ಅವುಗಳ ತಲೆಯ ಮೇಲೆ ಜಿಗಿದರೆ ಬಹಳಷ್ಟು ಸಾಯುತ್ತವೆ. ಬೂವಿನ ಮೇಲೆ ಜಿಗಿದರೆ ಪೆಟ್ಟು ಬೀಳುವುದು ಮಾರಿಯೊವಿಗೆ. ಅದನ್ನು ತಡೆಯಲು ಆಟಗಾರನ ಬಳಿ ಯಾವಾಗಲೂ ಇರುವ ಸಾಧನ ನೋಟವೊಂದೇ. ಆದರೆ ಮುಂದೆ ಸಾಗಬೇಕಾದರೆ ಎಂದಾದರೊಮ್ಮೆ ಬೆನ್ನು ತಿರುಗಿಸಲೇಬೇಕು. ಈ ಇಕ್ಕಟ್ಟಿನಿಂದಲೇ ಆ ಪುಟ್ಟ ಪಾತ್ರದ ಭಯವೂ ಹಾಸ್ಯವೂ ಹುಟ್ಟುತ್ತವೆ.

1996ರ ‘ಸೂಪರ್ ಮಾರಿಯೊ 64’ರಲ್ಲಿ ಲೋಕ ಮೂರು ಆಯಾಮಗಳಿಗೆ ಹಿಗ್ಗಿದಾಗ ಈ ನಿಯಮಕ್ಕೆ ಹೊಸ ಅರ್ಥ ಬಂದಿತು. ಅಲ್ಲಿ ನೋಡಿದರೆ ಬೂ ಪಾರದರ್ಶಕವಾಗುತ್ತದೆ, ಹೊಡೆತ ಅದರ ಮೂಲಕ ಹಾದುಹೋಗುತ್ತದೆ. ಬೆನ್ನು ತಿರುಗಿಸಿ, ಅದು ಮೈದಳೆದು ಹತ್ತಿರ ಬರುವವರೆಗೆ ಕಾದು, ತಟ್ಟನೆ ಹೊಡೆಯಬೇಕು. ಅಂದರೆ ಅದನ್ನು ಗೆಲ್ಲಬೇಕಾದವನು ಮೊದಲು ತನ್ನನ್ನು ಅಪಾಯಕ್ಕೆ ಒಡ್ಡಿಕೊಳ್ಳಬೇಕು. 2001ರ ‘ಲೂಯಿಜಿಸ್ ಮ್ಯಾನ್ಶನ್’ನಲ್ಲಿ 50 ಬೂಗಳು ಮನೆಯ ತುಂಬ ಅಡಗಿವೆ. ಅವುಗಳಿಗೆ ಬೇರೆ ಬೇರೆ ಹೆಸರುಗಳಿವೆ, ಒಬ್ಬ ರಾಜನೂ ಇದ್ದಾನೆ. ಲೂಯಿಜಿ ಅವನ್ನು ಧೂಳು ಹೀರುವ ಯಂತ್ರದಿಂದ ಹಿಡಿಯುತ್ತಾನೆ. ಅಮರವಾಗಿದ್ದ ದೆವ್ವ ಹೀಗೆ ಪೆಟ್ಟಿಗೂ ಸೆರೆಗೂ ಸಿಕ್ಕಿತು. ಆದರೂ ಅದು ಬೂ ಆಗಿಯೇ ಉಳಿಯಿತೆಂಬುದು ಗಮನಾರ್ಹ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 2000ದ ‘ಮಾರಿಯೊ ಟೆನಿಸ್’ನಲ್ಲಿ ಆಟಗಾರನು ಬೂವನ್ನೇ ಆರಿಸಿಕೊಂಡು ಆಡಬಹುದು. ಟೆನಿಸ್ಸಿನಲ್ಲಿ ಬಲೆಯ ಆಚೀಚೆ ಇರುವವರು ಸದಾ ಎದುರುಬದುರು. ನಾಚುವ ದೆವ್ವಕ್ಕೆ ಅಲ್ಲಿ ನಾಚಲು ಎಡೆಯೇ ಇಲ್ಲ. ಅದು ಎಲ್ಲರಂತೆ ಚೆಂಡನ್ನು ಹೊಡೆಯುತ್ತದೆ. ರೂಪ ಅದೇ ಇದ್ದರೂ ಪಾತ್ರ ಬರಿಯ ವೇಷವಾಯಿತು. ಈ ಎರಡು ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದರೆ ನಮ್ಮ ಮುಖ್ಯ ಪ್ರತಿಪಾದನೆ ಸಿದ್ಧವಾಗುತ್ತದೆ: ಈ ದೆವ್ವ ಅಮರತ್ವವನ್ನು ಬಿಟ್ಟುಕೊಡಬಹುದು, ನಾಚಿಕೆಯನ್ನು ಬಿಟ್ಟುಕೊಡಲಾಗದು.

3

ದೆವ್ವದ ಜೀವಾಳ ಅದರ ರೂಪದಲ್ಲಿ ಇರುವುದಕ್ಕಿಂತ ಅದನ್ನು ಕಟ್ಟಿಹಾಕುವ ನಿಯಮದಲ್ಲಿ ಇರುತ್ತದೆ. ಇದು ಬೂವಿಗಷ್ಟೇ ಅನ್ವಯಿಸುವ ಮಾತಲ್ಲ. 1980ರಲ್ಲಿ ತೊರು ಇವಾತಾನಿ ರೂಪಿಸಿದ ‘ಪ್ಯಾಕ್‌ಮ್ಯಾನ್’ ಆಟದ ನಾಲ್ಕು ದೆವ್ವಗಳು ಬಣ್ಣವೊಂದನ್ನು ಬಿಟ್ಟರೆ ನೋಡಲು ಒಂದೇ. ಆದರೆ ಕೆಂಪು ದೆವ್ವ ನೇರವಾಗಿ ಬೆನ್ನಟ್ಟುತ್ತದೆ, ಗುಲಾಬಿ ದೆವ್ವ ಮುಂದೆ ಹೋಗಿ ಅಡ್ಡಗಟ್ಟಲು ನೋಡುತ್ತದೆ. ಆಟಗಾರರು ಅವನ್ನು ಗುರುತಿಸುವುದು ಈ ಸ್ವಭಾವದಿಂದ.

ನಮ್ಮ ಜನಪದ ಕಲ್ಪನೆಯಲ್ಲೂ ದೆವ್ವ ನಿಯಮಬದ್ಧ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲುಗಳ ಮೇಲೆ ಕಾಣಿಸಿಕೊಂಡ ‘ನಾಳೆ ಬಾ’ ಎಂಬ ಬರಹ ಇದಕ್ಕೆ ಸಾಕ್ಷಿ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಆ ಬರಹವನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಆ ದೆವ್ವ ಹೇಗಿತ್ತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿಯಾರು, ನಿಯಮ ಮಾತ್ರ ಎಲ್ಲರಿಗೂ ಗೊತ್ತು. ಇದೇ ಕಥೆಯ ಎಳೆ 2018ರ ‘ಸ್ತ್ರೀ’ ಎಂಬ ಹಿಂದೀ ಚಿತ್ರದಲ್ಲಿ ಮಧ್ಯಪ್ರದೇಶದ ಚಂದೇರಿಗೆ ಹೋಯಿತು. ಊರು ಬದಲಾಯಿತು, ಭಾಷೆ ಬದಲಾಯಿತು, ಎತ್ತಿಕೊಂಡು ಹೋಗುವುದು ಗಂಡಸರನ್ನೇ ಎಂದಾಯಿತು. ಆದರೂ ನಾಳೆ ಬರಹೇಳುವ ಗೋಡೆಬರಹ ಉಳಿಯಿತು. ಕನ್ನಡಿಗನಾದ ಪ್ರೇಕ್ಷಕ ಮುಂಬಯಿಯಲ್ಲಿ ಕುಳಿತಿರಲಿ, ದೆಹಲಿಯಲ್ಲಿ ಕುಳಿತಿರಲಿ, ತನ್ನ ದೆವ್ವವನ್ನು ಗುರುತಿಸಿದ್ದು ಆ ನಿಯಮದಿಂದ. ಪಾತ್ರವೊಂದು ಲೋಕದಿಂದ ಲೋಕಕ್ಕೆ ದಾಟುವಾಗ ಕೊಂಡೊಯ್ಯಬೇಕಾದ ಬುತ್ತಿ ಯಾವುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಬುತ್ತಿಯನ್ನು ಬಿಟ್ಟು ಹೊರಟ ದೆವ್ವವೂ ಉಂಟು. 1996ರಲ್ಲಿ ಆರಂಭವಾದ ‘ಪೋಕೆಮಾನ್’ ಆಟಗಳಲ್ಲಿ ಗೆಂಗರ್ ದೆವ್ವದ ವರ್ಗಕ್ಕೆ ಸೇರಿದ ಜೀವಿ. ಆ ಆಟಗಳ ಮೂಲನಿಯಮದ ಪ್ರಕಾರ ಮಲ್ಲವರ್ಗದ ಹೊಡೆತಗಳು ದೆವ್ವವರ್ಗಕ್ಕೆ ತಾಗುವುದೇ ಇಲ್ಲ. ದೇಹವಿಲ್ಲದುದಕ್ಕೆ ಗುದ್ದು ಹೇಗೆ ತಾಗೀತು ಎಂಬ ಸರಳ ತರ್ಕ ಅಲ್ಲಿದೆ. 2015ರಲ್ಲಿ ‘ಪೊಕ್ಕೆನ್ ಟೂರ್ನಮೆಂಟ್’ ಎಂಬ ಕಾಳಗದ ಆಟ ಬಂದಾಗ ಗೆಂಗರ್ ಹೋರಾಟಗಾರನಾಗಿ ಕಣಕ್ಕಿಳಿಯಿತು. ಅದರ ಎದುರಾಳಿಗಳಲ್ಲಿ ಮಲ್ಲವರ್ಗದ ಲುಕಾರಿಯೊ, ಮಚಾಂಪ್ ಸಹ ಇದ್ದವು. ಅವುಗಳ ಗುದ್ದುಗಳು ಅದಕ್ಕೆ ಎಲ್ಲರಿಗೆ ತಾಗುವಂತೆಯೇ ತಾಗಿದವು. ಆಟ ನಡೆಯಬೇಕಾದರೆ ಇದು ಅನಿವಾರ್ಯವೆಂದು ಒಪ್ಪೋಣ. ಆದರೆ ದೆವ್ವವೆಂಬ ಕಾರಣಕ್ಕೆ ಗೆಂಗರಿಗಿದ್ದ ಒಂದು ಹಕ್ಕು ಅಲ್ಲಿ ಸದ್ದಿಲ್ಲದೆ ರದ್ದಾಯಿತು, ಅದರ ಬದಲಿಗೆ ಇನ್ನೊಂದು ನಿಯಮ ಹುಟ್ಟಲಿಲ್ಲ.

4

ಹಾಗಾದರೆ ಕಾಳಗದ ಆಟವು ದೆವ್ವಕ್ಕೆ ಒಗ್ಗದ ಪ್ರಕಾರವೇ? ಉತ್ತರ ಆ ಆಟದ ಬಗೆಯನ್ನು ಅವಲಂಬಿಸಿದೆ. 1991ರ ‘ಸ್ಟ್ರೀಟ್ ಫೈಟರ್ 2’ರಿಂದ ಜನಪ್ರಿಯವಾದ ಸಂಪ್ರದಾಯದಲ್ಲಿ ಇಬ್ಬರು ಹೋರಾಟಗಾರರು ಯಾವಾಗಲೂ ಒಬ್ಬರಿಗೊಬ್ಬರು ಮುಖಮಾಡಿಯೇ ಇರುತ್ತಾರೆ. ಒಬ್ಬನು ಇನ್ನೊಬ್ಬನ ತಲೆಯ ಮೇಲಿಂದ ಹಾರಿ ಆಚೆ ಬಿದ್ದರೂ ಆಟವೇ ಇಬ್ಬರನ್ನೂ ತಿರುಗಿಸಿ ನಿಲ್ಲಿಸುತ್ತದೆ. ಅಲ್ಲಿ ಬೆನ್ನೆಂಬುದೇ ಇಲ್ಲ. ಇಂಥ ಕಣದಲ್ಲಿ ಬೂ ಮೊದಲಿಂದ ಕೊನೆಯವರೆಗೆ ಮುಖ ಮುಚ್ಚಿಕೊಂಡೇ ಇರಬೇಕಾಗುತ್ತದೆ, ಇಲ್ಲವೇ ಟೆನಿಸ್ಸಿನಂತೆ ಸ್ವಭಾವವನ್ನು ಬಿಟ್ಟು ಆಡಬೇಕಾಗುತ್ತದೆ.

‘ಸ್ಮ್ಯಾಶ್’ ಈ ವಿಷಯದಲ್ಲಿ ಮೂಲದಿಂದಲೇ ಬೇರೆ. ಅಲ್ಲಿ ಹೋರಾಟಗಾರನು ಆಟಗಾರ ತಿರುಗಿಸಿದತ್ತ ಮುಖಮಾಡುತ್ತಾನೆ. ಬೆನ್ನು ತೋರಿಸಿ ಓಡಬಹುದು. ಗಾಳಿಯಲ್ಲಿದ್ದಾಗ ಹಿಂದಕ್ಕೆ ಒದೆಯುವ ಹೊಡೆತವು ಎಷ್ಟೋ ಪಾತ್ರಗಳ ಮುಖ್ಯ ಅಸ್ತ್ರ. ಮಾರಿಯೊ ತನ್ನ ಮೇಲಂಗಿಯನ್ನು ಬೀಸಿ ಎದುರಾಳಿಯ ಮುಖವನ್ನೇ ಆಚೆಗೆ ತಿರುಗಿಸಬಲ್ಲನು. ಮುಖ, ಬೆನ್ನುಗಳ ವ್ಯತ್ಯಾಸಕ್ಕೆ ಆಟದೊಳಗೆ ಈಗಾಗಲೇ ಬೆಲೆಯಿದೆ. ಬೂವಿನ ನಿಯಮವನ್ನು ಹೊರಗಿನಿಂದ ಹೇರಬೇಕಾಗಿಲ್ಲ, ಅದಕ್ಕೆ ಬೇಕಾದ ನೆಲ ಹದವಾಗಿಯೇ ಇದೆ. ಕ್ಷೇಮೇಂದ್ರನ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಪಾತ್ರಕ್ಕೂ ಕಣಕ್ಕೂ ನಡುವೆ ಔಚಿತ್ಯವಿದೆ.

ಕಣದ ಸಂಪ್ರದಾಯದಲ್ಲೂ ನಿದರ್ಶನಗಳಿಗೆ ಕೊರತೆಯಿಲ್ಲ. 2019ರ ಜನವರಿಯಲ್ಲಿ ‘ಅಲ್ಟಿಮೇಟ್’ಗೆ ಸೇರಿದ ಪಿರಾನಾ ಪ್ಲಾಂಟ್ ಮಾರಿಯೊ ಆಟಗಳಲ್ಲಿ ಕೊಳವೆಯಿಂದ ತಲೆಯೆತ್ತಿ ಕಚ್ಚುವ ಒಂದು ಗಿಡ, ನಾಯಕನೂ ಅಲ್ಲ, ಖಳನಾಯಕನೂ ಅಲ್ಲ. ಸಾಮಾನ್ಯ ಶತ್ರುವಿಗೆ ಕಣದಲ್ಲಿ ಎಡೆಯಿಲ್ಲವೆಂಬ ವಾದ ಅಂದಿಗೆ ಬಿದ್ದುಹೋಯಿತು. 2001ರಲ್ಲಿ ಬಂದ ಮಿಸ್ಟರ್ ಗೇಮ್ ಅಂಡ್ ವಾಚ್ ಇನ್ನೂ ಮುಖ್ಯವಾದ ನಿದರ್ಶನ. 1980ರ ದಶಕದ ಕೈಯಾಟಿಕೆಗಳ ಆ ಚಪ್ಪಟೆಯಾದ ಕಪ್ಪು ಬೊಂಬೆ ಮೂರು ಆಯಾಮಗಳ ಹೋರಾಟಗಾರರ ನಡುವೆಯೂ ಚಪ್ಪಟೆಯಾಗಿಯೇ ಉಳಿದು, ಹಳೆಯ ಆಟಿಕೆಯಂತೆ ತಡೆತಡೆದು ಚಲಿಸುತ್ತದೆ. ಅದನ್ನು ಉಬ್ಬಿಸಿ ಎಲ್ಲರಂತೆ ಮಾಡುವ ಅನುಕೂಲದ ದಾರಿಯನ್ನು ರಚನಕಾರರು ಹಿಡಿಯಲಿಲ್ಲ. ಬೂವಿಗೂ ಬೇಕಾದುದು ಈ ಬಗೆಯ ನ್ಯಾಯವೇ.

ಬೂ ಇಂದಿಗೂ ಹೋರಾಟಗಾರರ ಪಟ್ಟಿಯಲ್ಲಿಲ್ಲ. ‘ಅಲ್ಟಿಮೇಟ್’ನಲ್ಲಿ ಹೋರಾಟಗಾರರಾಗದ ಸಾವಿರಕ್ಕೂ ಹೆಚ್ಚು ಪಾತ್ರಗಳನ್ನು ದೇಹ ಕಳೆದುಕೊಂಡ ‘ಸ್ಪಿರಿಟ್’ಗಳೆಂದು ಸಂಗ್ರಹಿಸಿದ್ದಾರೆ. ಅವುಗಳಲ್ಲಿ ಬೂವೂ ಒಂದು. ಎಲ್ಲರನ್ನೂ ದೆವ್ವ ಮಾಡಿದ ಆಟದಲ್ಲಿ ನಿಜವಾದ ದೆವ್ವಕ್ಕೆ ವಿಶೇಷವೇನೂ ಉಳಿಯಲಿಲ್ಲ.

5

ನಮ್ಮ ಪ್ರಸ್ತಾವವನ್ನು ಈಗ ಹೇಳಬಹುದು. ಬೂ ಕಣದಲ್ಲಿ ಎರಡು ಸ್ಥಿತಿಗಳಲ್ಲಿರಬೇಕು. ಎದುರಾಳಿ ಅದರ ಕಡೆ ಮುಖಮಾಡಿದ್ದು, ಬೂ ತಾನಾಗಿ ಹೊಡೆಯಲು ಮುಂದಾಗದೆ ಇದ್ದರೆ ಅದು ಮುಖ ಮುಚ್ಚಿಕೊಂಡು ತೆಳುವಾಗುತ್ತದೆ, ಹೊಡೆತಗಳು ಅದರ ಮೂಲಕ ಹಾದುಹೋಗುತ್ತವೆ. ಎದುರಾಳಿ ಬೆನ್ನು ತಿರುಗಿಸಿದರೆ ಅದು ಗಟ್ಟಿಯಾಗುತ್ತದೆ, ಅದರ ವೇಗವೂ ಹೊಡೆತದ ಬಲವೂ ಹೆಚ್ಚುತ್ತವೆ. ಮುಖಾಮುಖಿಯಾಗಿ ಹೊಡೆಯಲು ಅಡ್ಡಿಯಿಲ್ಲ, ಆದರೆ ಆಗ ಹೊಡೆತ ದುರ್ಬಲ, ಮೈ ಗಟ್ಟಿ. ನಾಚಿಕೆಯನ್ನು ಮೀರಿದ್ದಕ್ಕೆ ಅದು ತೆರುವ ಬೆಲೆ ಇದು.

ಸದಾ ತೆಳುವಾಗಿದ್ದರೆ ಆಟ ನಿಂತುಹೋಗುತ್ತದೆಂಬ ಆಕ್ಷೇಪ ಸಹಜ. ಇದಕ್ಕೆ ಪರಿಹಾರ ಆಟದೊಳಗೇ ಇದೆ. ‘ಸ್ಮ್ಯಾಶ್’ನಲ್ಲಿ ಹೋರಾಟಗಾರರಿಗೆ ಗುಳ್ಳೆಯಂತಹ ಒಂದು ರಕ್ಷೆಯಿದೆ. ಹಿಡಿದಷ್ಟು ಹೊತ್ತೂ ಅದು ಕುಗ್ಗುತ್ತದೆ. ಪೆಟ್ಟು ತಿಂದು ಒಡೆದರೆ ಹೋರಾಟಗಾರ ಕೆಲಕಾಲ ತತ್ತರಿಸಿ ನಿಲ್ಲುತ್ತಾನೆ. ಯೋಶಿಗೆ ಈ ಗುಳ್ಳೆಯ ಬದಲು ತನ್ನದೇ ಮೊಟ್ಟೆಯನ್ನು ಕೊಟ್ಟಿದ್ದಾರೆ. ಅದೇ ಕ್ರಮದಲ್ಲಿ ಬೂವಿಗೆ ಬೇರೆ ರಕ್ಷೆಯೇ ಇರಬಾರದು, ನಾಚಿಕೆಯೇ ಅದರ ರಕ್ಷೆಯಾಗಬೇಕು. ನಾಚಿದಷ್ಟೂ ಅದು ಸವೆಯುತ್ತದೆ. ಪೂರ್ತಿ ಸವೆದಾಗ ಬೂ ಮುಖದಿಂದ ಕೈ ತೆಗೆದು, ಗಟ್ಟಿಯಾದ ಮೈಯಲ್ಲಿ, ದಿಕ್ಕುತೋಚದೆ ನಿಲ್ಲುತ್ತದೆ. ಹೀಗೆ ನೋಟವೂ ಒಂದು ಬಗೆಯ ಆಕ್ರಮಣವಾಗುತ್ತದೆ.

ನಾಲ್ವರು ಆಡುವಾಗ ಯಾರ ನೋಟವನ್ನು ಲೆಕ್ಕಕ್ಕೆ ಹಿಡಿಯಬೇಕು? ಅತ್ಯಂತ ಹತ್ತಿರದವನ ನೋಟವನ್ನೆಂದು ನಮ್ಮ ಸಲಹೆ. ಆಗ ಬೂವಿಗೆ ಬೆನ್ನು ಕೊಟ್ಟು ನಿಂತವನ ಬಳಿ ಅವನ ಜೊತೆಗಾರನು ಬಂದು, ಅವನಿಗಿಂತ ಮುಂದೆ ನಿಂತು ದೆವ್ವವನ್ನು ದಿಟ್ಟಿಸಿ ಕಾಪಾಡಬಹುದು. ಉಳಿದ ಹೊಡೆತಗಳಿಗೆ ಹಳೆಯ ಆಟಗಳಲ್ಲೇ ಆಕರವಿದೆ. 1992ರ ‘ಸೂಪರ್ ಮಾರಿಯೊ ಕಾರ್ಟ್’ನಲ್ಲಿ ಬೂ ಎದುರಾಳಿಯ ಕೈವಸ್ತುವನ್ನು ಕದ್ದು ತರುತ್ತದೆ. 2000ದ ‘ಪೇಪರ್ ಮಾರಿಯೊ’ದಲ್ಲಿ ಬೂ ಕುಲದ ಒಡತಿ ಬೋ ಎದುರಾಳಿಯ ಕೆನ್ನೆಗೆ ಬಾರಿಸುತ್ತಾಳೆ, ಮಾರಿಯೊವನ್ನು ತನ್ನೊಡನೆ ಮರೆಮಾಡುತ್ತಾಳೆ. ಕಳ್ಳತನ, ಕಪಾಳಮೋಕ್ಷ, ಮರೆಯಾಗುವುದು ಇಷ್ಟಿದ್ದರೆ ಸಾಕು. ಕತ್ತಿ, ಬೆಂಕಿ ಇದಕ್ಕೆ ಬೇಕಾಗಿಲ್ಲ.

ಇಲ್ಲಿ ಕುತೂಹಲಕರವಾದ ಒಂದು ಜೋಡಿಯನ್ನು ಹೆಸರಿಸಬೇಕು. ಸ್ಟ್ರೀಟ್ ಫೈಟರಿನಿಂದ ಬಂದ ರ್ಯೂ, ಕೆನ್ ಇವರು ‘ಅಲ್ಟಿಮೇಟ್’ನ ಇಬ್ಬರ ಕಾಳಗದಲ್ಲಿ ತಮ್ಮ ಲೋಕದ ಪದ್ಧತಿಯಂತೆ ತಾವಾಗಿಯೇ ಎದುರಾಳಿಯತ್ತ ತಿರುಗುತ್ತಾರೆ. ಅವರ ಎದುರಿಗೆ ಬೂವಿಗೆ ಬೆನ್ನು ಸಿಗುವುದು ಅಪರೂಪ. ಸದಾ ದಿಟ್ಟಿಸುವವನು ಮತ್ತು ದಿಟ್ಟಿಸಿದರೆ ನಾಚುವುದು, ಎರಡು ಆಟಗಳ ಎರಡು ತತ್ತ್ವಗಳು ಇಲ್ಲಿ ಮುಖಾಮುಖಿಯಾಗುತ್ತವೆ. ಸಮತೋಲದ ದೃಷ್ಟಿಯಿಂದ ಇದು ತೊಡಕು. ಕೂಡುಕಣದ ಆಟ ಇರುವುದೇ ಇಂಥ ಭೇಟಿಗಳಿಗಾಗಿ ಎಂಬ ದೃಷ್ಟಿಯಿಂದ ಇದು ಲಾಭ.

6

ಎದುರುವಾದಗಳಲ್ಲಿ ಎರಡನ್ನು ಪರಿಶೀಲಿಸಬೇಕು. ಮೊದಲನೆಯದು, ದೆವ್ವವೊಂದು ಬೇಕಾದರೆ 2016ರ ಪೋಕೆಮಾನ್ ಆಟಗಳಲ್ಲಿ ಬಂದ ಮಿಮಿಕ್ಯೂ ಮೇಲೆಂಬ ವಾದ. ಪಿಕಾಚುವಿನಂತೆ ಕಾಣಲು ಹಳೆಯ ಬಟ್ಟೆ ಹೊದ್ದಿರುವ ಆ ಜೀವಿಗೆ ಮೊದಲ ಪೆಟ್ಟನ್ನು ಹೊದಿಕೆಯೇ ತಡೆದುಕೊಳ್ಳುವ ನಿಯಮವಿದೆ. ಅದನ್ನು ಕಣಕ್ಕೆ ತರುವುದು ಸುಲಭ. ಆದರೆ ಆ ನಿಯಮ ಮಿಮಿಕ್ಯೂವಿನ ಮೈಗಷ್ಟೇ ಸಂಬಂಧಿಸಿದ್ದು. ಬೂವಿನ ನಿಯಮ ಎದುರಾಳಿಯನ್ನೂ ಒಳಗೊಳ್ಳುತ್ತದೆ. ಅದರ ಮುಂದೆ ನಿಂತವನು ತಾನು ಎತ್ತ ನೋಡುತ್ತಿದ್ದೇನೆಂದು ಆಟದುದ್ದಕ್ಕೂ ಯೋಚಿಸಬೇಕಾಗುತ್ತದೆ. ಮೇಲಾಗಿ ಮಿಮಿಕ್ಯೂ ‘ಅಲ್ಟಿಮೇಟ್’ನಲ್ಲಿ ಚೆಂಡಿನೊಳಗಿಂದ ಬಂದು ನೆರವಾಗುವ ಜೀವಿಯಾಗಿ ಈಗಾಗಲೇ ಕಾಣಿಸಿಕೊಂಡಿದೆ.

ಎರಡನೆಯದು, ಇಷ್ಟೆಲ್ಲ ತೊಡಕೇಕೆ, ಹಗುರವಾಗಿ ತೇಲುವ ಒಂದು ಪಾತ್ರವನ್ನು ಮಾಡಿದರೆ ಸಾಲದೇ ಎಂಬ ವಾದ. ಅಂಥ ಪಾತ್ರ ಆಟದಲ್ಲಿ 1999ರಿಂದಲೂ ಇದೆ. ಅದರ ಹೆಸರು ಜಿಗ್ಲಿಪಫ್. ಅದಕ್ಕೆ ಬಿಳಿಯ ಬಣ್ಣ ಬಳಿದರೆ ಬೂ ಆಗುವುದಿಲ್ಲ. ಇದನ್ನು ಅಳೆಯಲು ಆಟವೇ ಒಂದು ಒರೆಗಲ್ಲನ್ನು ಕೊಟ್ಟಿದೆ. ಕಿರ್ಬಿ ಎಂಬ ಹೋರಾಟಗಾರನು ಎದುರಾಳಿಯನ್ನು ನುಂಗಿ, ಅವನ ಒಂದು ಚಿಹ್ನೆಯನ್ನೂ ಒಂದೇ ಒಂದು ಶಕ್ತಿಯನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಎಲ್ಲವನ್ನೂ ಕಳೆದ ಮೇಲೆ ಪಾತ್ರದಲ್ಲಿ ಉಳಿಯುವ ಆ ಒಂದು ಯಾವುದು? ಬೂವನ್ನು ನುಂಗಿದ ಕಿರ್ಬಿ ಯಾರಾದರೂ ನೋಡಿದೊಡನೆ ಕೈಗಳಿಂದ ಮುಖ ಮುಚ್ಚಿಕೊಳ್ಳಬೇಕು. ಪಾತ್ರವನ್ನು ಬಲ್ಲ ಯಾರೂ ಬೇರೆ ಉತ್ತರ ಕೊಡಲಾರರೆಂದು ನಮ್ಮ ನಂಬಿಕೆ.

7

ಕೂಡುಕಣವು ಸಮಾನತೆಯ ಒಂದು ಕಲ್ಪನೆ. ಅಲ್ಲಿ ಪ್ರವೇಶಿಸುವ ಪ್ರತಿಯೊಬ್ಬರೂ ಕೆಲವು ಸಾಮಾನ್ಯ ಷರತ್ತುಗಳಿಗೆ ಒಪ್ಪಬೇಕು: ಪೆಟ್ಟು ತಾಗಬೇಕು, ಪೆಟ್ಟು ಶೇಕಡಾ ಲೆಕ್ಕದಲ್ಲಿ ಏರಬೇಕು, ಕಣದಾಚೆ ಎಸೆಯಲ್ಪಟ್ಟರೆ ಸೋಲಬೇಕು. ಬೂವೂ ಇವಕ್ಕೆ ಒಪ್ಪಲಿ. ಅದಕ್ಕಾಗಿಯೇ ಅಮರತ್ವವನ್ನು ಬಿಡಬಹುದೆಂದು ಹೇಳಿದೆವು. ಆದರೆ ಸಮಾನತೆಯ ಹೆಸರಿನಲ್ಲಿ ಎಲ್ಲರೂ ಒಂದೇ ಬಗೆಯಲ್ಲಿ ನಿಂತು, ಒಂದೇ ಬಗೆಯಲ್ಲಿ ನೋಡಿ, ಒಂದೇ ಬಗೆಯಲ್ಲಿ ಹೊಡೆಯಬೇಕೆಂದರೆ ಹಲವು ಲೋಕಗಳು ಕೂಡಿದ್ದಕ್ಕೆ ಅರ್ಥವಿರುವುದಿಲ್ಲ. ಧೈರ್ಯಶಾಲಿಗಳಿಗೆ ಎಲ್ಲ ಕಣಗಳಲ್ಲೂ ಜಾಗ ಸಿಗುತ್ತದೆ. ನಾಚುವ ಒಂದು ಜೀವಿಗೆ ನಾಚುತ್ತಲೇ ಹೋರಾಡುವ ಅವಕಾಶವಿದೆಯೇ ಎಂಬುದರಿಂದ ಕಣದ ದೊಡ್ಡತನ ಗೊತ್ತಾಗುತ್ತದೆ. ಬೇರೆ ಭಾಷೆಗಳ ನಡುವೆ ಬದುಕುತ್ತ ಕನ್ನಡದ ಕೆಲಸ ಮಾಡುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಪಾತ್ರದ ಪ್ರಸ್ತಾವವೆಂಬುದು ಅಭಿಮಾನದ ಬಯಕೆಪಟ್ಟಿಯಾಗದೆ ವಿಮರ್ಶೆಯ ಒಂದು ರೂಪವಾಗಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಪಾತ್ರವನ್ನು ಕಟ್ಟಿದ ನಿಯಮ ಯಾವುದು? ಹೊಸ ಕಣದಲ್ಲಿ ಆ ನಿಯಮಕ್ಕೆ ನೆಲವಿದೆಯೇ? ಬಿಡಬಹುದಾದುದು ಯಾವುದು, ಬಿಡಲಾಗದುದು ಯಾವುದು? ಬೂವಿನ ಮಟ್ಟಿಗೆ ಈ ಮೂರಕ್ಕೂ ಉತ್ತರ ದೊರೆಯುತ್ತದೆಂದು ಇಲ್ಲಿ ತೋರಿಸಲು ಯತ್ನಿಸಿದ್ದೇವೆ. ಗೆಂಗರ್, ಮಿಮಿಕ್ಯೂ ಮೊದಲಾದ ದೆವ್ವಗಳ ಬಗೆಗೂ, ಇತರ ಕೂಡುಕಣದ ಆಟಗಳ ಬಗೆಗೂ ಇದೇ ಕ್ರಮದಲ್ಲಿ ಅಧ್ಯಯನ ನಡೆಯುವ ಅವಶ್ಯಕತೆಯಿದೆ.